ಮೂರು ತಿಂಗಳ ಲೆಕ್ಕ

"ನಾವೇನು ತಪ್ಪು ಮಾಡಿದ್ವಿ ಅಕ್ಕಾ?" ಮೊನ್ನೆ ಆ ಹುಡುಗಿ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುವ ದಾವಣಗೆರೆಯವರು. ಅವಳು, ಅವಳ ಗಂಡ, ಒಬ್ಬ ಮಗ. ಹೋದ ಆಗಸ್ಟಿನಲ್ಲಿ ಗಂಡನ ಕೆಲಸ ಹೋಯಿತು. ತಿಂಗಳ ಕೊನೆಗೆ ಕಂಪನಿಯ ಆರೋಗ್ಯ ಇನ್ಶೂರೆನ್ಸೂ ನಿಂತಿತು. ಕೆಲಸ ಹೋದ ಮೇಲೂ ಅದೇ ಇನ್ಶೂರೆನ್ಸ್ ಮುಂದುವರಿಸಲು ಕೋಬ್ರಾ ಅಂತ ಒಂದು ದಾರಿಯಿದೆ; ಅದನ್ನು ತಗೊಂಡರೆ ಕಂಪನಿಯ ಪಾಲನ್ನೂ ಇವರೇ ಕಟ್ಟಬೇಕು, ತಿಂಗಳಿಗೆ ಎರಡು ಸಾವಿರ ಡಾಲರ್ ಮೇಲಾಗುತ್ತಿತ್ತು. ಬಾಡಿಗೆಗೇ ಪರದಾಡುವಾಗ ಯಾರು ಕಟ್ಟುತ್ತಾರೆ? ಡಿಸೆಂಬರಿನಲ್ಲಿ ಹೊಸ ಕೆಲಸ ಸಿಕ್ಕಿತು. ಸೇರಿದ ದಿನದಿಂದಲೇ ಇನ್ಶೂರೆನ್ಸ್ ಶುರುವಾಯಿತು.

ಈಗ 2024ರ ಟ್ಯಾಕ್ಸ್ ಲೆಕ್ಕ ಮಾಡಿಕೊಡುವವರು ಅದರಲ್ಲಿ ಇನ್ಶೂರೆನ್ಸ್ ಇಲ್ಲದ ತಿಂಗಳುಗಳಿಗೆ ದಂಡ ಸೇರಿಸಿಟ್ಟಿದ್ದಾರೆ. ಟೆಕ್ಸಾಸ್‌ನಲ್ಲಿರುವ ಅವರ ಅಣ್ಣ "ಅದನ್ನೆಲ್ಲ ತೆಗೆದುಹಾಕಿದ್ದಾರಲ್ಲ" ಅಂದನಂತೆ. ಅವನು ಹೇಳಿದ್ದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ದಂಡದ ವಿಷಯ, ಅದು 2019ರಿಂದ ಸೊನ್ನೆ. ಆದರೆ ಕ್ಯಾಲಿಫೋರ್ನಿಯಾ 2020ರಿಂದ ತನ್ನದೇ ದಂಡ ಹಾಕುತ್ತಿದೆ. 2024ರಲ್ಲಿ ವರ್ಷಪೂರ್ತಿ ಇನ್ಶೂರೆನ್ಸ್ ಇಲ್ಲದಿದ್ದವರಿಗೆ ಅದು ದೊಡ್ಡವರಿಗೆ ಕನಿಷ್ಠ 900 ಡಾಲರ್, ಮಕ್ಕಳಿಗೆ 450 ಇತ್ತು. ಸಂಬಳ ಚೆನ್ನಾಗಿದ್ದರೆ ಇನ್ನೂ ಜಾಸ್ತಿ.

ಅದಕ್ಕೆ ವಿನಾಯಿತಿಯೂ ಇದೆ. ಸತತ ಮೂರು ತಿಂಗಳವರೆಗೆ ಇನ್ಶೂರೆನ್ಸ್ ಇಲ್ಲದಿದ್ದರೆ ದಂಡವಿಲ್ಲ. ತಿಂಗಳಲ್ಲಿ ಒಂದೇ ದಿನ ಇದ್ದರೂ ಆ ತಿಂಗಳು ಪೂರ್ತಿ ಇದ್ದ ಹಾಗೆ. ಇವರಿಗೆ ಇಲ್ಲದ್ದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ಸರಿಯಾಗಿ ಮೂರು! ಹೊಸ ಕಂಪನಿಯವರು ಜನವರಿಯಿಂದ ಕೊಟ್ಟಿದ್ದರೆ ನಾಲ್ಕಾಗಿ, ನಾಲ್ಕಕ್ಕೂ ದಂಡ ಬೀಳುತ್ತಿತ್ತು. ದುಡ್ಡು ತಗೊಂಡು ಲೆಕ್ಕ ಮಾಡುವವರು ಇಷ್ಟನ್ನೂ ಕೇಳಬಾರದಾ? ನನಗೆ ನಿಜಕ್ಕೂ ಸಿಟ್ಟು ಬಂತು.

ಕಾನೂನು ಬೇಡ ಅನ್ನುವವಳಲ್ಲ ನಾನು. ಗಟ್ಟಿಮುಟ್ಟಾಗಿರುವವರೂ ದುಡ್ಡು ಕಟ್ಟಿದರೇನೇ ಕಾಯಿಲೆಯವರಿಗೆ ಪ್ರೀಮಿಯಂ ಕೈಗೆಟುಕುವುದು. ಆದರೆ "ನಾವೇನು ತಪ್ಪು ಮಾಡಿದ್ವಿ" ಅಂತ ಅವಳು ಕೇಳಿದಾಗ ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. ಅಕ್ಟೋಬರಿನಲ್ಲಿ ಮಗುವಿಗೆ ಜೋರು ಜ್ವರ ಬಂದಿತ್ತಂತೆ. ಆಸ್ಪತ್ರೆ ಬಿಲ್ಲಿಗೆ ಹೆದರಿ, ಊರಿಂದ ತಂದ ಔಷಧಿ ಕೊಟ್ಟು ರಾತ್ರಿಯೆಲ್ಲ ಕೂತಿದ್ದರಂತೆ.

ನವೆಂಬರಿನ ರಾಜ್ಯೋತ್ಸವಕ್ಕೆ ಇಬ್ಬರೂ ಬಂದಿದ್ದರು. ಅವನು ನಗುನಗುತ್ತಾ ಬಿಸಿಬೇಳೆಬಾತ್ ಬಡಿಸಿದ್ದ. ನಮಗ್ಯಾರಿಗೂ ಗೊತ್ತೇ ಆಗಲಿಲ್ಲ. ಸಿಕ್ಕಾಗಲೆಲ್ಲ ಯಾವ ಕಂಪನಿ, ಯಾವ ಟೀಮು ಅಂತ ಕೇಳುವ ಜನ ನಾವು. ಕೆಲಸ ಹೋಯಿತು ಅಂತ ನಮ್ಮ ಮುಂದೆ ಯಾರು ಬಾಯಿಬಿಡುತ್ತಾರೆ? ಆಗಲೇ ಗೊತ್ತಾಗಿದ್ದರೆ, ಕೆಲಸದ ಜೊತೆ ಇನ್ಶೂರೆನ್ಸ್ ಹೋದವರು ರಾಜ್ಯದ್ದೇ ಇನ್ಶೂರೆನ್ಸ್ ಮಾರುಕಟ್ಟೆಯಾದ ಕವರ್ಡ್ ಕ್ಯಾಲಿಫೋರ್ನಿಯಾದಲ್ಲಿ 60 ದಿನದೊಳಗೆ ಪ್ಲಾನ್ ತಗೊಳ್ಳಬಹುದು ಅಂತ ಯಾರಾದರೂ ಹೇಳುತ್ತಿದ್ದರು. ಆದಾಯ ನೋಡಿ ಸಬ್ಸಿಡಿಯೂ ಸಿಗುತ್ತಿತ್ತೇನೋ. ಮಗುವನ್ನಾದರೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು.

ಶನಿವಾರ ಆ ಟ್ಯಾಕ್ಸ್‌ನವರ ಹತ್ತಿರ ಇವರ ಜೊತೆ ನಾನೂ ಹೋಗುತ್ತಿದ್ದೇನೆ. ವಿನಾಯಿತಿ ಕೇಳುವುದು ಫಾರ್ಮ್ 3853ರಲ್ಲಿ. ಅದನ್ನು ತುಂಬಿಸದೆ ಸಹಿ ಹಾಕಬೇಡಿ ಅಂತ ಇಬ್ಬರಿಗೂ ಹೇಳಿದ್ದೇನೆ.