ಪುಟ್ಟಿಯ ಬಲಗಣ್ಣು

ಬಾಚಣಿಗೆ ಕಂಡರೆ ಮಂಚದಡಿಗೆ ನುಸುಳುವ ನಮ್ಮ ಶಿಟ್ಜು ನಾಯಿ ಪುಟ್ಟಿ ಆ ಭಾನುವಾರ ಕದಲಲಿಲ್ಲ. ಹಣೆಯ ಕೂದಲನ್ನು ಮೇಲೆತ್ತಿ ನೋಡಿದರೆ ಬಲಗಣ್ಣು ಅರ್ಧ ಮುಚ್ಚಿತ್ತು, ನೀರು ಇಳಿಯುತ್ತಿತ್ತು. ಮುಂಗಾಲಿನಿಂದ ಉಜ್ಜಿಕೊಳ್ಳಲು ಹವಣಿಸುತ್ತಿದ್ದಳು.

ಶಿಟ್ಜು ತಳಿಯ ಮುಖ ಚಪ್ಪಟೆ, ಕಣ್ಣಿನ ಗುಳಿಗೆ ಆಳವಿಲ್ಲ. ಗುಡ್ಡೆಗಳು ಉಬ್ಬಿ ಹೊರಗೆ ನಿಂತಿರುತ್ತವೆ. ಉದ್ದ ಮೂತಿಯ ನಾಯಿಗೆ ಮೂಗು ತಾಗುವ ಕಡೆ ಇವಳಿಗೆ ಕಣ್ಣೇ ತಾಗುತ್ತದೆ. ಮೇಲಿಂದ ಮುಖದ ಕೂದಲಿನ ಚುಚ್ಚಾಟ ಬೇರೆ. ಫೋಟೋದಲ್ಲಿ ಮುದ್ದು ಉಕ್ಕಿಸುವುದೆಲ್ಲ ಅವಳ ಮೈಗೆ ತೊಂದರೆಯೇ.

ಹಿಂದೆಂದೋ ತಂದ ಕಣ್ಣಿನ ಹನಿ ಮನೆಯಲ್ಲಿತ್ತು. ಅದನ್ನೇ ಹಾಕೋಣ ಎಂದರು ಮನೆಯವರು, ನಾನು ಬಿಡಲಿಲ್ಲ. ಅದರಲ್ಲಿ ಸ್ಟಿರಾಯ್ಡ್ ಇತ್ತು. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಹುಣ್ಣಾಗಿದ್ದರೆ ಸ್ಟಿರಾಯ್ಡ್ ಅದನ್ನು ಮಾಯಲು ಬಿಡದೆ ಇನ್ನೂ ಆಳಕ್ಕೆ ಇಳಿಸಬಹುದು.

ಪಶುವೈದ್ಯರು ಮೊದಲು ಸಣ್ಣ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಯೊಳಗೆ ಸಿಕ್ಕಿಸಿ ಕಣ್ಣೀರು ಅಳೆದರು. ಒಂದು ನಿಮಿಷದಲ್ಲಿ 15 ಮಿಲಿಮೀಟರ್ ಒದ್ದೆಯಾದರೆ ಚಿಂತೆಯಿಲ್ಲ. ಕಡಿಮೆಯಾದರೆ ಒಣಗಣ್ಣಿನ ಶಂಕೆ. ಆಮೇಲೆ ಫ್ಲೋರೆಸೀನ್ ಬಣ್ಣ ಹಾಕಿ ತೊಳೆದು, ನೀಲಿ ಬೆಳಕು ಬಿಟ್ಟರು. ಗಾಯವಿಲ್ಲದ ಮೇಲ್ಪದರಕ್ಕೆ ಈ ಬಣ್ಣ ಅಂಟುವುದಿಲ್ಲ. ಪುಟ್ಟಿಯ ಕಣ್ಣಿನ ಅಂಚಿನಲ್ಲಿ ಹಸಿರು ಗೀರೊಂದು ಹೊಳೆಯಿತು. ಮೇಲುಮೇಲಿನ ಹುಣ್ಣು, ಪುಣ್ಯಕ್ಕೆ. ಆಂಟಿಬಯಾಟಿಕ್ ಹನಿ ಬರೆದುಕೊಟ್ಟು, ಕಣ್ಣು ಉಜ್ಜಿಕೊಳ್ಳದಂತೆ ಕೊರಳಿಗೆ ಪ್ಲಾಸ್ಟಿಕ್ ಆಲಿಕೆ ತೊಡಿಸಿದರು. ಕೊರಳಪಟ್ಟಿ ಹಿಡಿದು ಎಳೆದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಪಟ್ಟಿಯನ್ನೇ ಬಳಸಿ ಎಂದೂ ಹೇಳಿದರು.

ಆಲಿಕೆ ತೊಟ್ಟ ದಿನಗಳಲ್ಲಿ ಕಿವಿಯ ಹಿಂದೆ ಕೂದಲು ಗಂಟುಗಟ್ಟಿತು. ಈ ತಳಿಯ ಕೂದಲು ಹೆಚ್ಚು ಉದುರುವುದಿಲ್ಲ ಎಂದು ಖುಷಿಪಡುವವರು ಒಂದನ್ನು ಮರೆಯುತ್ತಾರೆ: ಉದುರಿದ್ದೂ ಕೆಳಗೆ ಬೀಳದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಸ್ನಾನಕ್ಕೆ ಮುಂಚೆಯೇ ಗಂಟು ಬಿಡಿಸಬೇಕು, ನೀರು ಬಿದ್ದರೆ ಅದು ಬಿಗಿಯುತ್ತದೆ. ಚೀನಾದ ಅರಮನೆಯಲ್ಲಿ ಬೆಳೆದ ತಳಿಯಂತೆ. ಅಲ್ಲಿ ಆಳುಕಾಳುಗಳಿದ್ದರು, ಇಲ್ಲಿ ನಾನೊಬ್ಬನೇ.

ಮರುಪರೀಕ್ಷೆಯಲ್ಲಿ ಹಸಿರು ಕಾಣಲಿಲ್ಲ. ಅಂದೇ ಕಣ್ಣಿನ ಸುತ್ತಲಿನ ಕೂದಲನ್ನೂ ನೆತ್ತಿಯ ಜುಟ್ಟನ್ನೂ ಗಿಡ್ಡಗೆ ಮಾಡಿಸಿದೆ. ಅಂದ ಹೋಯಿತೆಂದು ಮನೆಯವರು ಹಲುಬುತ್ತಲೇ ಇದ್ದಾರೆ. ಪುಟ್ಟಿಯ ಕಡೆಯಿಂದ ಈವರೆಗೆ ದೂರು ಬಂದಿಲ್ಲ.