ಶಿಕಾಗೋ: ಮೊದಲು ಕಾಲು, ಆಮೇಲೆ ಬೋಟ್

“ಒಂದೇ ಊರನ್ನ ಎರಡು ಸಲ ದುಡ್ಡು ಕೊಟ್ಟು ನೋಡ್ತಾರೇನೇ?”

ಟಿಕೆಟ್ ತಗೊಂಡ ವಿಷಯ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ. ಬೆಳಿಗ್ಗೆ ಹತ್ತಕ್ಕೆ ಗೈಡ್ ಜೊತೆ ಎರಡು ಗಂಟೆ ನಡಿಗೆ. ಮಧ್ಯಾಹ್ನ ಒಂದಕ್ಕೆ ಶಿಕಾಗೋ ನದಿಯಲ್ಲಿ ಒಂದೂವರೆ ಗಂಟೆ ಬೋಟ್. ಎರಡರಲ್ಲೂ ತೋರಿಸೋದು ಕಟ್ಟಡಗಳನ್ನೇ. ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಒಳಗೊಳಗೇ ಅದೇ ಅನುಮಾನ. ಅಮ್ಮನ ವಯಸ್ಸು 66, ಮಂಡಿ ನೋವು ಬೇರೆ. ಸುಮ್ನೆ ಬೋಟಲ್ಲಿ ಕೂತು ಎಲ್ಲ ನೋಡಿಬಿಟ್ಟಿದ್ದರೆ ಆಗ್ತಿರಲಿಲ್ವಾ?

ಆದರೆ ಅಮ್ಮನಿಗೆ ಶಿಕಾಗೋ ಅಂದರೆ ಕಟ್ಟಡ ಅಲ್ಲ, ಬೋಟೂ ಅಲ್ಲ. ವಿವೇಕಾನಂದರು. ಹಾಗಾಗಿ ನಡಿಗೆಗೆ ಅರ್ಧ ಗಂಟೆ ಮೊದಲೇ ಮಿಷಿಗನ್ ಅವೆನ್ಯೂಗೆ ಹೋದೆವು. ಎರಡು ಕಂಚಿನ ಸಿಂಹಗಳು ಕಾವಲು ನಿಂತಿರುವ ಆರ್ಟ್ ಇನ್‌ಸ್ಟಿಟ್ಯೂಟ್ ಅಲ್ಲೇ ಇದೆ. 1893ರ ಸೆಪ್ಟೆಂಬರ್ 11ರಂದು ಅವರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಈ ಕಟ್ಟಡದಲ್ಲೇ. ಅಂದಿನ ಸಭಾಂಗಣ ಈಗ ಉಳಿದಿಲ್ಲ. ಎದುರಿನ ರಸ್ತೆಗೆ ಮಾತ್ರ ಗೌರವಕ್ಕಾಗಿ ‘ಸ್ವಾಮಿ ವಿವೇಕಾನಂದ ವೇ’ ಅಂತ ಇನ್ನೊಂದು ಹೆಸರು ಕೊಟ್ಟಿದ್ದಾರೆ. ಅಮ್ಮ ಮೆಟ್ಟಿಲ ಹತ್ತಿರ ಶೂ ಬಿಚ್ಚೋಕೆ ಬಗ್ಗಿದಳು. ಮಂಡಿ ಬಿಡಲಿಲ್ಲ. ನಿಂತಲ್ಲೇ ಕೈ ಮುಗಿದಳು. ನನ್ನ ಮಟ್ಟಿಗೆ ಶಿಕಾಗೋ ಮುಗೀತು ಕಣೇ, ಇನ್ನು ನೀನು ಎಲ್ಲಿಗೆ ಬೇಕಾದರೂ ಕರ್ಕೊಂಡು ಹೋಗು ಅಂದಳು.

ನಡಿಗೆಯ ಗೈಡ್ ಬೆಳ್ಳಿ ಕೂದಲಿನ ಹೆಂಗಸು. ಅಮ್ಮನಿಗಿಂತ ಎರಡು ಮೂರು ವರ್ಷ ದೊಡ್ಡವರೇ ಇರಬೇಕು. ನಮ್ಮ ಕಡೆ ಮುಖ ಮಾಡಿಕೊಂಡು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಮಾತಾಡುತ್ತಿದ್ದರು. ಕಂಬಕ್ಕೆ ಎಲ್ಲಿ ಗುದ್ದಿಕೊಳ್ಳುತ್ತಾರೋ ಅಂತ ನನಗೆ ಭಯ. ಹನ್ನೆರಡು ಜನರಿಗೂ ಕಿವಿಗೆ ಸಿಕ್ಕಿಸಿಕೊಳ್ಳೋ ಪುಟ್ಟ ಯಂತ್ರ ಕೊಟ್ಟಿದ್ದರು. ಅವರು ಶುರು ಮಾಡಿದ್ದು ಮಾತ್ರ ಕಟ್ಟಡದಿಂದ ಅಲ್ಲ, ಕೆಸರಿನಿಂದ.

ಶಿಕಾಗೋ ಹುಟ್ಟಿದ್ದು ಜೌಗು ನೆಲದ ಮೇಲೆ. ಹೆಸರು ಕೂಡ ಇಲ್ಲಿನ ಮೂಲ ನಿವಾಸಿಗಳು ನದಿ ದಂಡೆಯಲ್ಲಿ ಬೆಳೆಯುತ್ತಿದ್ದ ಒಂದು ಬಗೆಯ ಕಾಡು ಈರುಳ್ಳಿಗೆ ಇಟ್ಟ ಹೆಸರಿನಿಂದ ಬಂದದ್ದು. 1850ರ ದಶಕದಲ್ಲಿ ರಸ್ತೆಗಳಲ್ಲಿ ಕೊಳಚೆ ನಿಂತು ರೋಗ ಹೆಚ್ಚಾದಾಗ ಊರನ್ನೇ ಎತ್ತರಿಸೋದು ಅಂತ ತೀರ್ಮಾನ ಮಾಡಿದರು. ಕಟ್ಟಿ ನಿಂತ ಕಟ್ಟಡಗಳ ಕೆಳಗೆ ಜಾಕಿ ಇಟ್ಟು, ತಿರುಗಿಸಿ ತಿರುಗಿಸಿ ಮೇಲೆತ್ತಿದರು. 1860ರಲ್ಲಿ ಲೇಕ್ ಸ್ಟ್ರೀಟಿನ ಒಂದು ಇಡೀ ಸಾಲನ್ನು 6,000 ಜಾಕಿ ಇಟ್ಟು, 600 ಜನ ಸೇರಿ, ಐದು ದಿನದಲ್ಲಿ 4 ಅಡಿ 8 ಇಂಚು ಎತ್ತಿದರಂತೆ. ಅಷ್ಟೂ ದಿನ ಒಳಗೆ ಅಂಗಡಿಗಳ ವ್ಯಾಪಾರ ನಡೆದೇ ಇತ್ತು.

“ನಿಜಾನಾ?” ಅಂತ ಅಮ್ಮ ನನ್ನ ಕಿವಿಯಲ್ಲಿ ಕೇಳಿದಳು. ನಾನು ಅನುವಾದಕ್ಕೆ ಇದ್ದೆ, ಜಾಮೀನಿಗಲ್ಲ. ಆದರೆ ಇದು ನಿಜವೇ.

ಹೀಗೆ ಎತ್ತಿ ನಿಲ್ಲಿಸಿದ ಊರು 1871ರ ಅಕ್ಟೋಬರಿನಲ್ಲಿ ಸುಟ್ಟುಹೋಯಿತು. ಸುಮಾರು 300 ಜನ ಸತ್ತರು, ಒಂದು ಲಕ್ಷ ಜನಕ್ಕೆ ಮನೆ ಇಲ್ಲದಂತಾಯಿತು. ಒಬ್ಬಾಕೆಯ ಹಸು ಲಾಂದ್ರಕ್ಕೆ ಒದ್ದು ಬೆಂಕಿ ಹತ್ತಿತು ಅನ್ನೋ ಕಥೆ ಇವತ್ತಿಗೂ ಓಡಾಡುತ್ತದೆ. 1997ರಲ್ಲಿ ನಗರಸಭೆಯೇ ಆ ಹೆಂಗಸು ಮತ್ತು ಹಸು ಇಬ್ಬರದ್ದೂ ತಪ್ಪಿಲ್ಲ ಅಂತ ಘೋಷಿಸಿತು. ಪಾಪ, 126 ವರ್ಷ ಅಪವಾದ ಹೊತ್ತ ಹಸು.

ಬೂದಿಯಾದ ಜಾಗದಲ್ಲಿ ಎತ್ತರ ಕಟ್ಟಬೇಕು, ಆದರೆ ಕೆಳಗೆ ಕೆಸರು. ಇದೊಂದು ವಿಷಯ ತಲೆಗೆ ಹೋದ ಮೇಲೆ ಲಸಾಲ್ ಸ್ಟ್ರೀಟಿನ ರೂಕರಿ ಕಟ್ಟಡ ಬೇರೆಯದೇ ಥರ ಕಾಣಿಸಿತು. 1888ರದ್ದು. ಬರ್ನಮ್ ಮತ್ತು ರೂಟ್ ಅನ್ನೋ ವಾಸ್ತುಶಿಲ್ಪಿಗಳು ಕಟ್ಟಿದ್ದು. ರೈಲು ಹಳಿಗಳನ್ನು ಅಡ್ಡಡ್ಡ ಉದ್ದುದ್ದ ಜೋಡಿಸಿ, ಕಾಂಕ್ರೀಟ್ ಸುರಿದು, ಆ ಚಾಪೆಯ ಮೇಲೆ ಕಟ್ಟಡ ಕೂರಿಸಿದ್ದಾರೆ. ಬಾಗಿಲ ಹತ್ತಿರ ಕಲ್ಲಲ್ಲಿ ಕೆತ್ತಿದ ಕಾಗೆಗಳಿವೆ. ಮೊದಲು ಅಲ್ಲಿದ್ದ ಹಳೇ ಕಟ್ಟಡದ ತುಂಬ ಹಕ್ಕಿಗಳ ಕಾಟವಂತೆ, ಹೆಸರು ಬಂದದ್ದೂ ಹಾಗೇ, ರೂಕರಿ ಅಂದರೆ ಕಾಗೆ ಜಾತಿಯ ಹಕ್ಕಿಗಳು ಗೂಡು ಕಟ್ಟೋ ಜಾಗ. ಒಳಗಿನ ಗಾಜಿನ ಸೂರಿನ ಅಂಗಳವನ್ನು 1905ರ ಹೊತ್ತಿಗೆ ಹೆಸರಾಂತ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಹೊಸದು ಮಾಡಿದ್ದು, ಬಿಳಿ ಅಮೃತಶಿಲೆ ಮತ್ತು ಚಿನ್ನದ ಬಣ್ಣ. ಎಲ್ಲರೂ ಫೋಟೋ ತೆಗೆದರು, ನಾನೂ ತೆಗೆದೆ. ಅಮ್ಮನ ಕಣ್ಣು ಮಾತ್ರ ನೆಲದ ಮೇಲೇ. ಕೆಳಗೆ ಹಳಿ ಇದೆ ಅಂದಿದ್ದರಲ್ಲ.

ಇಡೀ ದಿನದಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊನಾಡ್ನಾಕ್. ಫೋಟೋದಲ್ಲಿ ನೋಡಿದರೆ ಏನೂ ಅನ್ನಿಸಲ್ಲ. ಕಂದು ಇಟ್ಟಿಗೆಯ 16 ಮಹಡಿ, ಅಲಂಕಾರ ಅಂತ ಒಂದು ಎಳೆಯೂ ಇಲ್ಲ. ಉತ್ತರದ ಅರ್ಧ 1891ರದ್ದು. ಇಷ್ಟೂ ಭಾರವನ್ನು ಹೊತ್ತಿರೋದು ಗೋಡೆಗಳೇ, ಅದಕ್ಕೇ ತಳದಲ್ಲಿ ಗೋಡೆ 6 ಅಡಿ ದಪ್ಪ. ಆರು ಅಡಿ ಅಂತ ಕೇಳಿದರೆ ಅದು ಬರೀ ಒಂದು ಅಂಕಿ. ಅಮ್ಮ ಬಾಗಿಲ ಪಕ್ಕಕ್ಕೆ ಹೋಗಿ ಹೊರಗಿನ ಅಂಚಿಗೆ ಮೊಣಕೈ ಒತ್ತಿ ಮೊಳ ಹಾಕಲು ಶುರು ಮಾಡಿದಳು. ಹೂವಿನವಳು ಮಲ್ಲಿಗೆ ಅಳೆಯುವ ಹಾಗೆ, ಬೆರಳ ತುದಿ ಮುಟ್ಟಿದ ಕಡೆ ಮತ್ತೆ ಮೊಣಕೈ. ಒಂದು, ಎರಡು, ಮೂರು, ನಾಲ್ಕು. “ನಾಲ್ಕು ಮೊಳ ಗೋಡೆ!” ಅಂತ ಕನ್ನಡದಲ್ಲೇ ಗೈಡಿಗೆ ಹೇಳಿದಳು. ಆಕೆಗೆ ಏನು ಅರ್ಥ ಆಯಿತೋ, ತಾನೂ ಬಂದು ಗೋಡೆಗೆ ಮೊಣಕೈ ಇಟ್ಟರು. ಆಮೇಲೆ ಹನ್ನೆರಡು ಜನರೂ ಒಬ್ಬೊಬ್ಬರಾಗಿ ಅಳೆದರು.

ಇಷ್ಟು ಭಾರ ಕೆಸರಿನ ಮೇಲೆ ಕೂತರೆ ಕುಸಿಯದೇ ಇರುತ್ತಾ? ಕುಸಿದಿದೆ. ಎಂಟು ಇಂಚು ಇಳಿಯಬಹುದು ಅಂತ ಲೆಕ್ಕ ಹಾಕಿ ಕಟ್ಟಿದ್ದರು, ಕಾಲ ಕಳೆದ ಹಾಗೆ ಸುಮಾರು 20 ಇಂಚು ಇಳಿಯಿತು. ಎರಡೇ ವರ್ಷ ಆದಮೇಲೆ, 1893ರಲ್ಲಿ, ದಕ್ಷಿಣದ ಅರ್ಧ ಕಟ್ಟುವಾಗ ಒಳಗೆ ಉಕ್ಕಿನ ಚೌಕಟ್ಟು ಬಂದಿತ್ತು. ಗೋಡೆ ಭಾರ ಹೊರೋದು ಬಿಟ್ಟು ಬರೀ ಹೊದಿಕೆ ಆಯಿತು. ಒಂದೇ ಕಟ್ಟಡದ ಈ ತುದಿಯಿಂದ ಆ ತುದಿಗೆ ನಡೆದರೆ ಹಳೇ ಕಾಲದಿಂದ ಹೊಸ ಕಾಲಕ್ಕೆ ನಡೆದ ಹಾಗೆ. ಇದು ಬೋಟಿನಿಂದ ಕಾಣೋದೇ ಇಲ್ಲ, ನದಿ ಅಲ್ಲಿಂದ ದೂರ.

ನಡಿಗೆ ಮುಗಿದಾಗ ಹನ್ನೆರಡೂಕಾಲು. ಹೋಗಿ ತಲುಪಿದರೆ ಆಯಿತು, ಅರ್ಧ ಗಂಟೆ ಬಿಡುವು ಇರುತ್ತೆ ಅಂದುಕೊಂಡಿದ್ದೆ. ಎಡವಿದ್ದು ಇಲ್ಲೇ. ಮಿಷಿಗನ್ ಅವೆನ್ಯೂ ಸೇತುವೆಯ ಹತ್ತಿರ ಫೋನಿನ ಮ್ಯಾಪ್ “ತಲುಪಿದ್ದೀರಿ” ಅಂದಿತು. ಸುತ್ತ ನೋಡಿದರೆ ಬಸ್ಸು, ಜನ, ಬಾವುಟ. ಬೋಟೂ ಇಲ್ಲ, ನೀರೂ ಇಲ್ಲ. ಹತ್ತು ನಿಮಿಷ ಅತ್ತ ಇತ್ತ ತಿರುಗಿದೆವು. ಸೇತುವೆಯ ಆ ಕಡೆಗೂ ಒಮ್ಮೆ ದಾಟಿದೆವು. ಅಲ್ಲೊಂದು ಕಂಪನಿಯ ಸಾಲಲ್ಲಿ ನಿಂತು, ನಮ್ಮ ಸರದಿ ಬಂದಾಗ ಇದು ನಿಮ್ಮ ಬೋಟಲ್ಲ ಅಂತ ವಾಪಸ್ ಕಳಿಸಿದರು. ಕೊನೆಗೆ ಅಮ್ಮ ಕೈಗಂಬಿಯ ಮೇಲಿಂದ ಬಗ್ಗಿ ನೋಡಿ, “ಕೆಳಗಿದೆಯಲ್ಲೇ!” ಅಂದಳು. ಇಲ್ಲಿ ನದಿ ಪಕ್ಕದ ರಸ್ತೆಗಳಿಗೆ ಮಹಡಿಗಳಿವೆ. ಮ್ಯಾಪಿನ ಚುಕ್ಕೆ ಸರಿಯಾಗೇ ಇತ್ತು, ನಾವು ಮೇಲಿನ ಅಂತಸ್ತಿನಲ್ಲಿದ್ದೆವು. ಅಮ್ಮನನ್ನು ಮೆಟ್ಟಿಲು ಇಳಿಸಿಕೊಂಡು ಹೋಗುವಷ್ಟರಲ್ಲಿ ಹಗ್ಗ ಬಿಚ್ಚುತ್ತಿದ್ದರು. ಕಟ್ಟಕಡೆಗೆ ಹತ್ತಿದವರು ನಾವೇ. ನೀವು ಹೀಗೆ ಎರಡನ್ನೂ ಒಂದೇ ದಿನ ಇಟ್ಟುಕೊಂಡರೆ ನಡುವೆ ಒಂದೂವರೆ ಗಂಟೆಯಾದರೂ ಬಿಡಿ. ಊಟ ಬಿಟ್ಟು ಓಡಿದ್ದಕ್ಕೆ ಅಮ್ಮನ ಕೈಲಿ ಬೈಸಿಕೊಂಡೆ, ಅದು ನ್ಯಾಯವೇ.

ತಡವಾಗಿ ಹತ್ತಿದ್ದರಿಂದ ಸಿಕ್ಕಿದ್ದು ಮೇಲಿನ ಡೆಕ್ಕಿನ ಕೊನೇ ಸಾಲು. ಅದೇ ಒಳ್ಳೇದಾಯಿತು. ಮುಂದೆ ಕೂತವರು ಕತ್ತು ಹಿಂದಕ್ಕೆ ಬಗ್ಗಿಸಿ ಬಗ್ಗಿಸಿ ಸುಸ್ತಾದರು. ನಾವು ಹಿಂದಕ್ಕೆ ತಿರುಗಿ ಕೂತು, ದಾಟಿ ಬಂದ ಕಟ್ಟಡ ನಿಧಾನವಾಗಿ ದೂರ ಸರಿಯೋದನ್ನು ಬುಡದಿಂದ ತುದಿವರೆಗೆ ನೋಡಿದೆವು. ಟೋಪಿ ಮರೆಯಬೇಡಿ. ಜೂನ್ ಬಿಸಿಲು ನೆತ್ತಿ ಸುಡುತ್ತೆ, ಸೇತುವೆಯ ನೆರಳಿಗೆ ಹೋದ ಕೂಡಲೇ ಚಳಿ.

ಬೋಟಿನ ಗೈಡ್ ಒಬ್ಬ ಉತ್ಸಾಹಿ ಮುದುಕ. ಜೋಕು ಸ್ವಲ್ಪ ಜಾಸ್ತಿ. ಆದರೆ ಬೆಳಗಿನ ಕೆಸರಿನ ಕಥೆಯ ಇನ್ನರ್ಧ ಅವರ ಹತ್ತಿರ ಇತ್ತು. ಊರಿನ ಕೊಳಚೆಯೆಲ್ಲ ಈ ನದಿಗೆ, ನದಿ ಮಿಷಿಗನ್ ಸರೋವರಕ್ಕೆ, ಕುಡಿಯೋ ನೀರು ಅದೇ ಸರೋವರದಿಂದ. ಅದಕ್ಕೆ ಊರಿನವರು ಕಂಡುಕೊಂಡ ದಾರಿ, ನದಿಯನ್ನೇ ಹಿಂದಕ್ಕೆ ಹರಿಸೋದು. 28 ಮೈಲಿ ಉದ್ದದ ಕಾಲುವೆಯನ್ನು ಸರೋವರದ ಮಟ್ಟಕ್ಕಿಂತ ಆಳ ತೋಡಿ, 1900ರ ಜನವರಿ 2ರಂದು ನೀರು ಬಿಟ್ಟರು. ಅಲ್ಲಿಂದ ನದಿ ಸರೋವರಕ್ಕೆ ಸೇರುವ ಬದಲು ಸರೋವರದಿಂದ ಹೊರಡುತ್ತೆ. ಸಮಾರಂಭ ಏನೂ ಇಲ್ಲ, ಅವಸರದಲ್ಲಿ ಕೆಲಸ ಮುಗಿಸಿದರು. ಕೆಳಗಿನ ರಾಜ್ಯ ಮಿಸೌರಿಯವರು ಕೋರ್ಟಿನಿಂದ ತಡೆ ತಂದಾರು ಅನ್ನೋ ಭಯ. ಅವರು ಕೇಸು ಹಾಕಿದರು ಕೂಡ, 1906ರಲ್ಲಿ ಸೋತರು.

“ನಮ್ಮನೆ ಕಸ ಪಕ್ಕದ್ಮನೆ ಅಂಗಳಕ್ಕೆ ತಳ್ಳಿದ ಹಾಗಾಯ್ತು” ಅಂದಳು ಅಮ್ಮ. ನೀರನ್ನು ಹಂಚಿಕೊಳ್ಳೋ ಜಗಳ ಕೇಳಿಕೊಂಡೇ ಬೆಳೆದವರಿಗೆ ಇದು ಬೇಗ ಅರ್ಥ ಆಗುತ್ತೆ.

ಸೇತುವೆಗಳು ಒಂದರ ಹಿಂದೆ ಒಂದು ಬರುತ್ತವೆ. ಹಾಯಿದೋಣಿ ಬಂದಾಗ ಎರಡಾಗಿ ಸೀಳಿ ಮೇಲೇಳುವಂಥವು. ಇನ್ನೊಂದು ತುದಿಗೆ ತಕ್ಕಡಿಯ ಕಲ್ಲಿನಂತೆ ಭಾರ ಕಟ್ಟಿರುವುದರಿಂದ ಅಷ್ಟು ದೊಡ್ಡ ಸೇತುವೆ ಎತ್ತೋಕೂ ಸಣ್ಣ ಮೋಟಾರು ಸಾಕು. ಕ್ಲಾರ್ಕ್ ಮತ್ತು ಲಸಾಲ್ ಬೀದಿಗಳ ನಡುವೆ ಬಂದಾಗ ಮುದುಕರ ಜೋಕು ನಿಂತಿತು. 1915ರ ಜುಲೈ 24ರ ಬೆಳಿಗ್ಗೆ ಈಸ್ಟ್‌ಲ್ಯಾಂಡ್ ಅನ್ನೋ ಹಡಗು ದಡಕ್ಕೆ ಕಟ್ಟಿದ್ದ ಹಾಗೇ ಮಗುಚಿ ಬಿದ್ದದ್ದು ಇಲ್ಲಿ. ಕಾರ್ಖಾನೆಯ ಕೆಲಸಗಾರರು ಹೆಂಡತಿ ಮಕ್ಕಳ ಜೊತೆ ಪಿಕ್ನಿಕ್ಕಿಗೆ ಹೊರಟಿದ್ದರು. 844 ಜನ ಸತ್ತರು. ಟೈಟಾನಿಕ್ ದುರಂತದ ಮೇಲೆ ಜೀವರಕ್ಷಕ ದೋಣಿಗಳು ಜಾಸ್ತಿ ಇರಬೇಕು ಅಂತ ಕಾನೂನು ಬಂತು, ಆ ದೋಣಿಗಳನ್ನು ಹೇರಿದ್ದೂ ತೂಕ ತಪ್ಪಲು ಒಂದು ಕಾರಣ. ದಡ ಎಷ್ಟು ಹತ್ತಿರ ಅಂದರೆ, ಅಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದ ಹುಡುಗಿಯ ಕಾಲುಚೀಲದ ಬಣ್ಣ ನನಗೆ ಕಾಣುತ್ತಿತ್ತು. ಹಳದಿ.

ನದಿ ಎರಡಾಗಿ ಕವಲೊಡೆಯುವ ಕಡೆ 1983ರ ಒಂದು ಹಸಿರು ಗಾಜಿನ ಕಟ್ಟಡವಿದೆ. ನದಿ ಬಾಗಿದ ಹಾಗೇ ಅದೂ ಬಾಗಿದೆ. ಬೋಟ್ ತಿರುಗಿದಂತೆ ಎದುರು ದಡದ ಊರೆಲ್ಲ ಅದರ ಮೈಮೇಲೆ ಜಾರಿಕೊಂಡು ಹೋಗುತ್ತೆ. ರಸ್ತೆಯಲ್ಲಿ ನಿಂತರೆ ಇದು ಗೊತ್ತೇ ಆಗಲ್ಲ. ಅಲ್ಲೇ ಹತ್ತಿರದಲ್ಲಿ 54 ಮಹಡಿಯ ಇನ್ನೊಂದು ಕಟ್ಟಡ ಬುಡದಲ್ಲಿ ಬರೀ 39 ಅಡಿ ಅಗಲ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ನೀರು, ಉಳಿದದ್ದು ಅಷ್ಟೇ ಜಾಗ. ಮೇಲೆ ಹೋಗ್ತಾ ಅಗಲ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. “ಇಪ್ಪತ್ತಾರು ಮೊಳ. ಆ ಹದಿನಾರು ಮಹಡಿಗೆ ಗೋಡೆನೇ ನಾಲ್ಕು ಮೊಳ ಬೇಕಾಯ್ತು, ಇದು ಇಷ್ಟರ ಮೇಲೆ ಹೆಂಗೆ ನಿಂತಿದೆ?” ಬೆಳಿಗ್ಗೆ ಆ ಗೋಡೆಗೆ ಮೊಣಕೈ ಇಟ್ಟಿರದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಬೋಟಿನಲ್ಲಿದ್ದ ಬಹಳ ಜನ ಆ ಹೊತ್ತಿಗೆ ಸೆಲ್ಫಿಯಲ್ಲಿದ್ದರು.

ಅಮ್ಮನ ಪ್ರಶ್ನೆಗೆ ಒಂದಿಷ್ಟು ಉತ್ತರ ನದಿಯ ದಕ್ಷಿಣದ ಕವಲಿನಲ್ಲಿ ಸಿಕ್ಕಿತು. ಅಲ್ಲಿಂದ ಕಾಣುವ ಕಪ್ಪು ಗೋಪುರ, ಮೊದಲಿಗೆ ಸಿಯರ್ಸ್, ಈಗ ವಿಲ್ಲಿಸ್. 110 ಮಹಡಿ, 1,450 ಅಡಿ. ಅದನ್ನು ನಿಲ್ಲಿಸಿದ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್, ಢಾಕಾದಲ್ಲಿ ಹುಟ್ಟಿದವರು. ಒಂಬತ್ತು ಕೊಳವೆಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದ ಹಾಗೆ ಅದರ ರಚನೆ. ಒಂದು ಬಗ್ಗಿದರೂ ಪಕ್ಕದವು ಹಿಡಿದುಕೊಳ್ಳುತ್ತವೆ. ತಳಪಾಯ ಬರೀ ಚಾಪೆಯಲ್ಲ, ಕೆಸರು ದಾಟಿ ಗಟ್ಟಿ ಬಂಡೆವರೆಗೆ ಇಳಿಸಿದ ಕಂಬಗಳು. “ಪೊರಕೆ ಥರ” ಅಂದಳು ಅಮ್ಮ. ಒಂದು ಕಡ್ಡಿ ಮುರಿಯುತ್ತೆ, ಕಟ್ಟಿದ ಪೊರಕೆ ಮುರಿಯಲ್ಲ. ಗೈಡ್ ಹೇಳಿದ್ದಕ್ಕಿಂತ ಇದೇ ಸಲೀಸು ಅನ್ನಿಸಿತು ನನಗೆ.

ವಾಪಸ್ ಬರುವಾಗ ಮರೀನಾ ಸಿಟಿ. ಮೆಕ್ಕೆಜೋಳದ ತೆನೆಯಂಥ ಜೋಡಿ ಗೋಪುರ, ಕೆಳಗಿನ 19 ಅಂತಸ್ತಿನಲ್ಲಿ ಬರೀ ಕಾರು. ಅಂಚಿಗೆ ಮೂತಿ ಚಾಚಿ ನಿಂತ ಕಾರುಗಳನ್ನು ನೋಡಿ ಹೊಟ್ಟೆಯಲ್ಲಿ ಚಿಟ್ಟೆ ಹಾರಿದ ಹಾಗಾಗುತ್ತೆ. ಆಮೇಲೆ ಸರೋವರದ ಬಾಗಿಲಿನವರೆಗೆ ಹೋಗಿ ತಿರುಗಿಸಿದರು.

ಇಳಿದ ಮೇಲೆ ಅಮ್ಮ ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ನಿಂತಳು. ಮಂಡಿಗೆ ಅಂದುಕೊಂಡೆ. ಅಲ್ಲ, ಎಣಿಸುತ್ತಿದ್ದಳು.

“ಇಷ್ಟೂ ಜಾಕಿ ಹಾಕಿ ಎತ್ತಿದ್ದಾ?”

ಇಲ್ಲಮ್ಮ, ಇದರಲ್ಲಿ ಬಹಳಷ್ಟು ಆಮೇಲೆ ಕಟ್ಟಿದ ಮಹಡಿ ರಸ್ತೆ, ಜಾಕಿಯವರದ್ದು ಕೆಲವೇ ಅಡಿ ಅಂದೆ. ಅವಳಿಗೆ ಸ್ವಲ್ಪ ನಿರಾಸೆ ಆಯಿತು. ಮೇಲೆ ಬಂದು ಬೆಂಚಿನ ಮೇಲೆ ಕೂತು ಮಂಡಿ ತಿಕ್ಕಿಕೊಂಡಳು.

“ನಾಳೆ ಬೆಳಿಗ್ಗೆ ಆ ನಾಲ್ಕು ಮೊಳದ ಕಟ್ಟಡಕ್ಕೆ ಇನ್ನೊಂದ್ಸಲ ಹೋಗೋಣ. ಹೊಸ ಅರ್ಧದ ಗೋಡೆ ಅಳೆಯೋದು ಮರೆತೇಹೋಯ್ತು.” ಒಂದು ಕ್ಷಣ ಬಿಟ್ಟು, “ಗೈಡ್ ಬೇಡ ಕಣೇ, ದಾರಿ ನನಗೆ ಗೊತ್ತು” ಅಂದಳು.