ವಿಷಯ: ಧನ್ಯವಾದ

ಅಪ್ಪ 35 ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಈಗ ಮರೆವಿನ ಕಾಯಿಲೆ. ಅಮ್ಮ ತೀರಿಕೊಂಡಿದ್ದು, ನನ್ನ ಹೆಸರು, ಊಟ ಮಾಡಿದ್ದು, ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಸ್ಕೂಲಿನ ಬೆಲ್ ಮಾತ್ರ ಮರೆತಿಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಬೆಳಗಿನ ಜಾವ ಎದ್ದು ನೋಡಿದರೆ ಬಾಗಿಲು ತೆರೆದಿತ್ತು. ಹಾಸಿಗೆ ಖಾಲಿ. ಗೂಟದಲ್ಲಿದ್ದ ಕೊಡೆಯೂ ಇಲ್ಲ. ದೇವಸ್ಥಾನ, ಬಸ್‌ಸ್ಟ್ಯಾಂಡ್ ಸುತ್ತಿ ಅರ್ಧ ಗಂಟೆ ಸುಮ್ನೆ ಹಾಳು ಮಾಡಿದೆ. ಕಾಣೆಯಾದರೆ 24 ಗಂಟೆ ಕಾಯದೆ ದೂರು ತಗೊಳ್ಳಲ್ಲ ಅಂತ ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಅಂಥ ನಿಯಮವೇ ಇಲ್ಲ. ನನ್ನ ಹೆಂಡತಿ ಅದನ್ನೆಲ್ಲ ಕೇಳಿಸಿಕೊಳ್ಳದೆ 112ಕ್ಕೆ ಫೋನ್ ಮಾಡಿದಳು.

ಅರಸೀಕೆರೆ ರಸ್ತೆಯ ಮೋರಿ ಕಟ್ಟೆಯ ಮೇಲೆ ಅಪ್ಪ ಸಿಕ್ಕರು. ನಾನು ಹೋಗುವ ಹೊತ್ತಿಗೆ ಬೀಟ್ ಪೊಲೀಸ್ ಒಬ್ಬರು ಪಕ್ಕದಲ್ಲೇ ಕೂತಿದ್ದರು. ಕಾನ್‌ಸ್ಟೇಬಲ್‌ಗಳಿಗೆ ಈಗಿನ ಪೀಕ್ ಕ್ಯಾಪ್ ಇನ್ನೂ ಬಂದಿರಲಿಲ್ಲ. ಅವರ ಸ್ಲೋಚ್ ಹ್ಯಾಟ್ ಬೈಕಿನ ಟ್ಯಾಂಕ್ ಮೇಲಿತ್ತು, ಅವರ ರೇನ್‌ಕೋಟು ಅಪ್ಪನ ಹೆಗಲ ಮೇಲಿತ್ತು.

"ಮನೆಗೆ ನಡೀರಿ" ಅಂದರೆ ಅಪ್ಪ ಜಗಳಕ್ಕೇ ಬರುತ್ತಾರೆ. ನಮಗೆ ದಿನಾ ಅದೇ ಪಾಡು. ಈ ಮನುಷ್ಯ ಮನೆಯ ಸುದ್ದಿಯನ್ನೇ ಎತ್ತಲಿಲ್ಲ.

"ಮೇಷ್ಟ್ರೇ, ಇಷ್ಟು ಮಳೆ ಅಲ್ವಾ? ಡಿಸಿ ಸಾಹೇಬ್ರು ರಜೆ ಕೊಟ್ಟಿದಾರೆ. ಮಕ್ಕಳು ಯಾರೂ ಬರಲ್ಲ."

ಅಪ್ಪ ಆಕಾಶ ನೋಡಿದರು. ಕೊಡೆ ಮಡಚಿದರು. "ಮೊದಲೇ ಹೇಳಬಾರದಾ?" ಅಂತ ಗೊಣಗುತ್ತಾ ಬೈಕ್ ಹತ್ತಿದರು.

ಅವತ್ತು ಗಾಬರಿಯಲ್ಲಿ ಅವರ ಹೆಸರೂ ಕೇಳಲಿಲ್ಲ. ಆಮೇಲೆ ಮನಸ್ಸು ಕೊರೆಯತೊಡಗಿತು. ಪೊಲೀಸರನ್ನು ಬೈಯುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ. ಹೊಗಳುವಾಗಲೂ ಅರ್ಜಿ ಬರೆದೇ ಹೊಗಳೋಣ ಅನ್ನಿಸಿತು.

ಬರೀ "ನಿಮ್ಮ ಪೊಲೀಸರೊಬ್ಬರು" ಅಂತ ಬರೆದರೆ ಕಾಗದ ಯಾರಿಗೂ ತಲುಪುವುದಿಲ್ಲ. ಹೆಸರು, ಕಾನ್‌ಸ್ಟೇಬಲ್ ನಂಬರ್, ಠಾಣೆ, ದಿನ, ಹೊತ್ತು ಎಲ್ಲ ಬೇಕು. ಕೇಳಲು ಠಾಣೆಗೆ ಹೋದೆ. ಠಾಣೆಯ ಕಾಗದಪತ್ರ ನೋಡುವ ರೈಟರ್ ಪೆನ್ನು ಕೆಳಗಿಟ್ಟರು. "ಯಾಕೆ ಸಾರ್, ಏನಾದ್ರೂ ತೊಂದ್ರೆ ಮಾಡಿದ್ನಾ?" ಇಲ್ಲ, ಒಳ್ಳೆಯದು ಮಾಡಿದಾರೆ ಅಂದೆ. ಅವರ ಅನುಮಾನ ಇನ್ನೂ ಜಾಸ್ತಿಯಾದ ಹಾಗೆ ಕಾಣಿಸಿತು.

ರಾತ್ರಿ ಕೂತು ಬರೆದೆ. 'ವಿಷಯ: ಉತ್ತಮ ಸೇವೆಗೆ ಧನ್ಯವಾದ.' ಅಪ್ಪ ಹಿಂದೆ ಬಂದು ನಿಂತು ಓದಿದರು. ಕೈ ಚಾಚಿ ಪೆನ್ನು ಕೇಳಿದರು. 'ಕೃತಘ್ನತೆ' ಅನ್ನುವುದರ ಮೇಲೆ ಗೆರೆ ಎಳೆದು, ಮೇಲೆ 'ಕೃತಜ್ಞತೆ' ಅಂತ ದುಂಡಗೆ ಬರೆದರು.

"ಘ್ನ ಹಾಕಿದರೆ ಉಪಕಾರ ಮರೆತವನು ಅಂತಾಗುತ್ತೆ. ನಿಂಗೆ ಕನ್ನಡ ಕಲಿಸಿದ ಮೇಷ್ಟ್ರು ಯಾರು?"

ನಾನು ಉತ್ತರ ಕೊಡಲಿಲ್ಲ. ಕಾಗದ ಯಾರ ಬಗ್ಗೆ ಅಂತ ಅವರೂ ಕೇಳಲಿಲ್ಲ.

ಎಸ್‌ಪಿ ಕಚೇರಿಯ ಟಪಾಲು ವಿಭಾಗದಲ್ಲಿ ಗುಮಾಸ್ತರು ತಲೆ ಎತ್ತದೆ "ಯಾರ ವಿರುದ್ಧ?" ಅಂದರು. ವಿರುದ್ಧ ಅಲ್ಲ, ಪರವಾಗಿ ಅಂದೆ. ಅವರು ಪೂರ್ತಿ ಓದಿದರು, ಒಂದು ಕ್ಷಣ ಯೋಚಿಸಿದರು, 'ಇತರೆ' ಅಂತ ಬರೆದುಕೊಂಡು ಸೀಲು ಹಾಕಿದರು. ನನ್ನ ಪ್ರತಿಗೂ ಒಂದು ಸೀಲು ಹಾಕಿಸಿಕೊಂಡೆ. ಸರ್ಕಾರಿ ಕಚೇರಿಯಲ್ಲಿ ಧನ್ಯವಾದಕ್ಕೂ ಸ್ವೀಕೃತಿ ಇರಲಿ, ಬಿಡಿ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಆ ಕಾನ್‌ಸ್ಟೇಬಲ್ ಮನೆಗೇ ಬಂದರು.

"ಏನ್ ಸಾರ್ ನೀವು! ಎಸ್‌ಪಿ ಆಫೀಸಿಂದ ಫೋನ್ ಅಂದ್ರು. ಮೆಮೋನೇ ಬಂತು ಅಂತ ಕೈಕಾಲು ತಣ್ಣಗಾಗೋಯ್ತು."

ಪ್ರಶಂಸನಾ ಪತ್ರ ಕೊಟ್ಟಿದ್ದಾರಂತೆ. ಸರ್ವಿಸ್ ರಿಜಿಸ್ಟರ್‌ನಲ್ಲೂ ಎಂಟ್ರಿ ಮಾಡುತ್ತಾರಂತೆ. ಅವರಿಗೆ ಬೇಕಿದ್ದದ್ದು ಬೇರೆ.

"ನಿಮ್ ಲೆಟರ್‌ದೊಂದು ಜೆರಾಕ್ಸ್ ಸಿಗುತ್ತಾ? ನಮ್ಮನೆಯವಳು ನಂಬ್ತಾ ಇಲ್ಲ."

ಸೀಲು ಹಾಕಿದ ನನ್ನ ಪ್ರತಿಯನ್ನೇ ಕೊಟ್ಟುಬಿಟ್ಟೆ. ಅಷ್ಟರಲ್ಲಿ ಅಪ್ಪ ಜಗುಲಿಗೆ ಬಂದರು, ಕೈಯಲ್ಲಿ ಕೊಡೆ. ಖಾಕಿ ನೋಡಿ ನಿಂತರು.

"ಏನಪ್ಪಾ, ಇವತ್ತೂ ರಜೆನಾ?"

"ಹೌದು ಮೇಷ್ಟ್ರೇ, ಭಾನುವಾರ ಅಲ್ವಾ."

ಅವತ್ತು ಬುಧವಾರ.